ಒಂದು ಕೈಫೋನಿನ ಆಯುಷ್ಯ

ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಕ್ರಿ. ಶ. 941ರಲ್ಲಿ. ಬಿ. ಎಲ್. ರೈಸ್ ಅವರು ಅದನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವೆ ಒಂಬೈನೂರ ಐವತ್ತಕ್ಕೂ ಮಿಕ್ಕ ವರ್ಷಗಳು ಕಳೆದುಹೋದುವು. ಕವಿಯು ಕೈಯಾರೆ ಬರೆದ ಓಲೆ ಇಂದು ನಮ್ಮ ಮುಂದಿಲ್ಲ. ಓಲೆಗರಿಗೆ ಅಷ್ಟು ಆಯುಷ್ಯವಿಲ್ಲ. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ, ದಾರ ಸವೆಯುತ್ತದೆ. ಆದರೂ ಕಾವ್ಯ ಉಳಿಯಿತು. ಒಂದು ಕಟ್ಟು ಪೂರ್ತಿ ಜೀರ್ಣವಾಗುವ ಮೊದಲೇ ಯಾವನೋ ಒಬ್ಬ ಲಿಪಿಕಾರನು ಕಂಟ ಹಿಡಿದು ಕುಳಿತು ಹೊಸ ಗರಿಗೆ ಪ್ರತಿ ಮಾಡಿಕೊಂಡನು. ಪಾಠವು ಅವನ ಕಣ್ಣಿಗೆ ಕಾಣುವಂತಿತ್ತು; ಪ್ರತಿ ಮಾಡಬೇಡವೆಂದು ಅವನನ್ನು ತಡೆಯುವವರಿರಲಿಲ್ಲ.

ಕೈಫೋನಿನ ಚರಿತ್ರೆಯನ್ನು ಹೇಳಹೊರಟವನು ಪಂಪನಿಂದ ಮೊದಲುಮಾಡಿದನೆಂದು ವಾಚಕರು ನಗಬಾರದು. ಬಹುಕಾಲ ಮಕ್ಕಳಿಗೆ ಹಳಗನ್ನಡ ಹೇಳಿಕೊಟ್ಟವನ ಬಾಯಲ್ಲಿ ಹೋಲಿಕೆಗೆ ಓಲೆಗರಿಯೇ ಬರುವುದು ಸಹಜ. ಅಲ್ಲದೆ ಈ ಹೋಲಿಕೆ ಕೇವಲ ಅಲಂಕಾರಕ್ಕಾಗಿ ಬಂದುದೂ ಅಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಕೊಳಗ ಇನ್ನೂ ನೀರು ಕಾಯಿಸುತ್ತದೆ. ಅಪ್ಪ ಕೊಂಡ ರೇಡಿಯೋ ಅಲ್ಲಲ್ಲಿ ಇನ್ನೂ ಹಾಡುತ್ತದೆ. ಆದರೆ ಅವೆರಡಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆ ತೆತ್ತು ತಂದ ಸ್ಮಾರ್ಟ್‌ಫೋನು ಮೂರು ನಾಲ್ಕು ವರ್ಷಕ್ಕೆ ಮುದಿಯಾಗಿ ಮೂಲೆ ಸೇರುತ್ತದೆ. ಇದು ಏತಕ್ಕೆ? ಯಂತ್ರದ ಸ್ವಭಾವವೇ ಹಾಗೆಯೋ, ಅಥವಾ ಅದರ ಆಯುಷ್ಯವನ್ನು ಅಳೆಯುವ ಕೋಲು ಬೇರೆ ಯಾರದೋ ಕೈಯಲ್ಲಿದೆಯೋ?

ಫೋನಿಗೆ ಮುಪ್ಪು ಮೂರು ಬಗೆಯಲ್ಲಿ ಬರುತ್ತದೆ. ಮೊದಲನೆಯದು ದೇಹದ ಮುಪ್ಪು: ಬ್ಯಾಟರಿ ಸೊರಗುವುದು, ಚಾರ್ಜರು ಸಿಕ್ಕಿಸುವ ಬಾಯಿ ಸಡಿಲವಾಗುವುದು, ಗಾಜು ಒಡೆಯುವುದು. ಎರಡನೆಯದು ತಂತ್ರಾಂಶದ ಮುಪ್ಪು: ಯಂತ್ರವನ್ನು ನಡೆಸುವ ಆಜ್ಞೆಗಳ ಸಮುಚ್ಚಯವನ್ನು ತಯಾರಕರು ಕಾಲಕಾಲಕ್ಕೆ ತಿದ್ದಿ ಕಳುಹಿಸುತ್ತಿರುತ್ತಾರೆ, ಒಂದು ದಿನ ಆ ತಿದ್ದುಪಡಿ ನಿಂತುಹೋಗುತ್ತದೆ. ಮೂರನೆಯದು ಲೋಕದ ಮುಪ್ಪು: ಫೋನು ಇದ್ದ ಹಾಗೆಯೇ ಇರುತ್ತದೆ, ಆದರೆ ಅದು ಮಾತಾಡುತ್ತಿದ್ದ ಜಾಲವೂ ಜಾಲತಾಣಗಳೂ ಬದಲಾಗಿ ಇದರ ಮಾತು ಅವಕ್ಕೆ ತಿಳಿಯದಂತಾಗುತ್ತದೆ. ಈ ಮೂರಕ್ಕೂ ಮದ್ದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಇದಕ್ಕೆ ಚರಿತ್ರೆಯಲ್ಲಿ ಒಂದು ಒಳ್ಳೆಯ ದೃಷ್ಟಾಂತವಿದೆ. ಅದು 2009ರಲ್ಲಿ ಹೊರಬಂದ ‘ನೋಕಿಯಾ ಎನ್ 900’ ಎಂಬ ಫೋನಿನ ಕಥೆ.

ನೋಕಿಯಾ ಎಂಬುದು ಫಿನ್‌ಲೆಂಡ್ ದೇಶದ ಒಂದು ಊರಿನ ಹೆಸರು. ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಎಂಜಿನಿಯರು 1865ರಲ್ಲಿ ತಾಂಪೆರೆ ಪಟ್ಟಣದಲ್ಲಿ ಮರದ ತಿರುಳಿನ ಕಾರ್ಖಾನೆಯೊಂದನ್ನು ತೆರೆದರು. ಕೆಲವೇ ವರ್ಷಗಳಲ್ಲಿ ನೋಕಿಯಾ ಊರಿನ ಹೊಳೆಯ ಬಳಿ ಎರಡನೆಯದು ಎದ್ದಿತು. ಕಾಗದ, ರಬ್ಬರು, ತಂತಿ, ಹೀಗೆ ಬೇರೆ ಬೇರೆ ಉದ್ಯಮಗಳು 1967ರಲ್ಲಿ ಒಂದಾಗಿ ಇಂದಿನ ಸಂಸ್ಥೆಯಾಯಿತು. ರಬ್ಬರಿನ ಬೂಟು ಮಾಡುತ್ತಿದ್ದವರು ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಕೈಫೋನುಗಳನ್ನು ಮಾರುವವರಾದರು. ನಮ್ಮ ಪೇಟೆಗಳಲ್ಲಿಯೂ ಒಂದು ಕಾಲಕ್ಕೆ ಕೈಫೋನೆಂದರೆ ನೋಕಿಯಾ ಎಂಬಂತೆ ಇದ್ದುದು ಎಲ್ಲರಿಗೂ ನೆನಪಿದೆ.

ಅದೇ ಫಿನ್‌ಲೆಂಡಿನಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಎಂಬ ತರುಣನು 1991ರಲ್ಲಿ ಇನ್ನೊಂದು ಕೆಲಸಕ್ಕೆ ಕೈಹಾಕಿದನು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳನ್ನು ತಾನೇ ಬರೆದು, ಅದರ ಮೂಲಪಾಠವನ್ನು ಎಲ್ಲರ ಮುಂದಿಟ್ಟನು. ಮೂಲಪಾಠವೆಂದರೆ ಮನುಷ್ಯನು ಓದಿ ತಿದ್ದಬಹುದಾದ ರೂಪ. ಅಂಗಡಿಯಲ್ಲಿ ಕೊಳ್ಳುವ ಯಂತ್ರದೊಳಗೆ ಸಾಮಾನ್ಯವಾಗಿ ಇರುವುದು ಯಂತ್ರಕ್ಕೆ ಮಾತ್ರ ತಿಳಿಯುವ ರೂಪ. ಅದನ್ನು ನೋಡಿ ಯಾರೂ ಸುಲಭವಾಗಿ ತಿದ್ದಲಾರರು. ಟೋರ್ವಾಲ್ಡ್ಸ್ ಬರೆದ ‘ಲಿನಕ್ಸ್’ಗೆ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ್ದ ಒಂದು ಕರಾರು ಅನ್ವಯಿಸಿತು: ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಮೂಲಪಾಠವನ್ನೂ ಹಾಗೆಯೇ ತೆರೆದಿಡತಕ್ಕದ್ದು. ನಮ್ಮ ಲಿಪಿಕಾರರಿಗೆ ಇಂಥ ಕರಾರು ಬರೆದುಕೊಡುವ ಅಗತ್ಯವಿರಲಿಲ್ಲ. ಅವರ ಕಾಲದಲ್ಲಿ ಪಾಠವನ್ನು ಮುಚ್ಚಿಟ್ಟು ಗರಿಯನ್ನು ಮಾತ್ರ ಮಾರುವ ಉಪಾಯ ಯಾರಿಗೂ ತಿಳಿದಿರಲಿಲ್ಲ.

ಈ ಎರಡು ಫಿನ್ನಿಷ್ ಧಾರೆಗಳು ಕೂಡಿದುದು 2005ರಲ್ಲಿ. ಆ ವರ್ಷ ನೋಕಿಯಾ ಸಂಸ್ಥೆ ‘770’ ಎಂಬ ಅಂಗೈ ಗಾತ್ರದ ಯಂತ್ರವನ್ನು ಹೊರತಂದಿತು. ಅದರೊಳಗೆ ಲಿನಕ್ಸಿನಿಂದ ರೂಪಿಸಿದ ‘ಮೇಮೋ’ ಎಂಬ ವ್ಯವಸ್ಥೆ ಇತ್ತು. ಅದರಲ್ಲಿ ಅಂತರಜಾಲ ನೋಡಬಹುದಿತ್ತು, ಆದರೆ ಸಿಮ್ ಹಾಕಿ ಫೋನು ಮಾಡುವಂತಿರಲಿಲ್ಲ. 2007ರಲ್ಲಿ ಅದರ ತಮ್ಮಂದಿರಾದ ಎನ್ 800, ಎನ್ 810 ಬಂದುವು. ನಾಲ್ಕನೆಯದಾಗಿ 2009ರ ನವೆಂಬರಿನಲ್ಲಿ ಅಂಗಡಿಗೆ ಬಂದ ಎನ್ 900 ಮಾತ್ರ ನಿಜವಾದ ಫೋನೂ ಆಗಿತ್ತು.

ಅದರ ರೂಪವನ್ನು ಸ್ವಲ್ಪ ನೋಡೋಣ. ತೂಕ 181 ಗ್ರಾಂ. ಇಂದಿನ ತೆಳ್ಳನೆಯ ಫೋನುಗಳ ಪಕ್ಕದಲ್ಲಿ ಅದೊಂದು ಸಾಬೂನಿನ ಕಟ್ಟಿಯಂತೆ ಕಾಣುತ್ತದೆ. ಮೂರೂವರೆ ಅಂಗುಲದ ಪರದೆಯನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ನಿಜವಾದ ಕೀಲಿಮಣೆ. ಒತ್ತಿದರೆ ಅರಿಯುವ ಪರದೆಯಾದ್ದರಿಂದ ಬೆರಳು, ಉಗುರು, ಕಡ್ಡಿ ಯಾವುದಾದರೂ ಸರಿ. ಒಂದು ಪುಟ್ಟ ಕಂಟವನ್ನೂ ಮೈಯಲ್ಲೇ ಸಿಕ್ಕಿಸಿ ಕೊಟ್ಟಿದ್ದರು. ನೆನಪಿಗೆ 256 ಮೆಗಾಬೈಟು, ದಾಸ್ತಾನಿಗೆ 32 ಗಿಗಾಬೈಟು. ಈ ಪತ್ರಿಕೆಯ ವಾಚಕರಿಗೆ ಪ್ರಿಯವಾಗುವ ಸಂಗತಿಯೊಂದುಂಟು: ಅದರಲ್ಲಿ ಎಫ್. ಎಂ. ಬಾನುಲಿಯನ್ನು ಕೇಳುವ ಅಂಗ ಮಾತ್ರವಲ್ಲ, ಪ್ರಸಾರಮಾಡುವ ಅಂಗವೂ ಇತ್ತು. ಫೋನಿನೊಳಗಿನ ಹಾಡನ್ನು ಕೆಲವು ಅಡಿಗಳ ದೂರದ ರೇಡಿಯೋದಲ್ಲಿ ಕೇಳಿಸಬಹುದಿತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರಕೇಂದ್ರವನ್ನು ತೆರೆದು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಳಕೆಗೆ ಬಂದ ನಾಡಿನವರು ನಾವು. ಯಂತ್ರದ ಒಡೆಯನು ಕೇಳುವವನಾಗಿ ಮಾತ್ರ ಉಳಿಯದೆ ತಾನೂ ಕೈಯಾಡಿಸಬಹುದೆಂಬ ಉತ್ಸಾಹ ನಮಗೆ ಹೊಸದಲ್ಲ.

ಎನ್ 900ರ ನಿಜವಾದ ವಿಶೇಷ ಅದರ ಬಾಗಿಲಿನಲ್ಲಿತ್ತು. ಬೇರೆ ಫೋನುಗಳ ಒಳಮನೆಗೆ ಹೋಗಲು ಬೀಗ ಒಡೆಯಬೇಕಾಗಿತ್ತು. ಆಂಡ್ರಾಯ್ಡ್ ವ್ಯವಸ್ಥೆಯ ಮೊದಲ ಫೋನು ‘ಜಿ-1’ 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂದಾಗ ನಡೆದ ಪ್ರಸಂಗ ರಂಜನೀಯವಾಗಿದೆ. ಒಬ್ಬ ಬಳಕೆದಾರನು ಸ್ನೇಹಿತನಿಗೆ ಬರೆಯುತ್ತ ‘ರೀಬೂಟ್’ ಎಂಬ ಪದವನ್ನು ಒತ್ತಿದನು. ಫೋನು ಒಡನೆ ಆರಿ ಮತ್ತೆ ಹೊತ್ತಿಕೊಂಡಿತು! ಕೀಲಿಮಣೆಯಲ್ಲಿ ಒತ್ತಿದ್ದೆಲ್ಲವನ್ನೂ ಯಂತ್ರವು ತನ್ನ ಯಜಮಾನನ ಆಜ್ಞೆಯೆಂದು ತೆಗೆದುಕೊಳ್ಳುವ ದೋಷವೊಂದು ಒಳಗೆ ಉಳಿದುಬಿಟ್ಟಿತ್ತು. ಕೆಲವರು ಆ ಬಿರುಕಿನಿಂದಲೇ ಒಳಹೊಕ್ಕರು. ಗೂಗಲ್ ಸಂಸ್ಥೆ ಬೇಗನೆ ಅದನ್ನು ಮುಚ್ಚಿತು. ಎನ್ 900ರಲ್ಲಾದರೋ ಬಿರುಕು ಹುಡುಕುವ ಕಷ್ಟವಿರಲಿಲ್ಲ. ಬಹಿರಂಗವಾಗಿ ದೊರೆಯುತ್ತಿದ್ದ ಒಂದು ಪುಟ್ಟ ತಂತ್ರಾಂಶವನ್ನು ಹಾಕಿಕೊಂಡರೆ ಕೊಂಡವನು ತನ್ನ ಫೋನಿಗೆ ಪೂರ್ಣ ಒಡೆಯನಾಗುತ್ತಿದ್ದನು. ಆಜ್ಞೆಗಳನ್ನು ಬರೆಯುವ ಕಿಟಕಿಯಂತೂ ಮೊದಲಿನಿಂದಲೇ ಅದರಲ್ಲಿ ಇತ್ತು.

ಇಷ್ಟು ಒಳ್ಳೆಯ ಆರಂಭಕ್ಕೆ ಬಂದ ಗತಿಯನ್ನು ನೋಡಿ. 2010ರ ಫೆಬ್ರವರಿಯಲ್ಲಿ ನೋಕಿಯಾ ಸಂಸ್ಥೆ ಇಂಟೆಲ್ ಸಂಸ್ಥೆಯೊಡನೆ ಸೇರಿ ‘ಮೀಗೋ’ ಎಂಬ ಹೊಸ ವ್ಯವಸ್ಥೆಯನ್ನು ಪ್ರಕಟಿಸಿತು, ಮೇಮೋ ಹಳೆಯದಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನಿಂದ ಬಂದ ಸ್ಟೀಫನ್ ಈಲಾಪ್ ಮುಖ್ಯಾಧಿಕಾರಿಯಾದರು. ಅಕ್ಟೋಬರಿನಲ್ಲಿ ಎನ್ 900ಕ್ಕೆ ಕೊನೆಯ ದೊಡ್ಡ ಪರಿಷ್ಕರಣ ಬಂದಿತು. 2011ರ ಫೆಬ್ರವರಿ 11ರಂದು, ಇನ್ನು ಮುಂದೆ ನೋಕಿಯಾದ ಸ್ಮಾರ್ಟ್‌ಫೋನುಗಳಿಗೆ ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ವ್ಯವಸ್ಥೆಯೇ ಆಧಾರವೆಂದು ಸಾರಲಾಯಿತು. 2013ರಲ್ಲಿ ಫೋನಿನ ವಿಭಾಗವನ್ನೇ ಮೈಕ್ರೋಸಾಫ್ಟಿಗೆ ಮಾರುವ ನಿರ್ಧಾರವಾಗಿ, 2014ರ ಏಪ್ರಿಲಿನಲ್ಲಿ ಅದು ಪೂರ್ತಿಯಾಯಿತು. ಲೆಕ್ಕ ಹಾಕಿದರೆ, ಹುಟ್ಟಿ ಒಂದು ವರ್ಷ ತುಂಬುವ ಹೊತ್ತಿಗೆ ತಾಯಿಯು ಮಗುವಿನ ಕೈ ಬಿಟ್ಟಿದ್ದಳು. ಐದು ವರ್ಷ ತುಂಬುವ ಮೊದಲೇ ಮನೆಯೇ ಪರರ ಪಾಲಾಗಿತ್ತು.

ಬೇರೆ ಫೋನಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಸಾಕುವವರು ಮುಂದೆ ಬಂದರು. ತಾಯಿ ಬಿಟ್ಟ ವ್ಯವಸ್ಥೆಯನ್ನು ಬಳಕೆದಾರರೇ ತಿದ್ದತೊಡಗಿದರು. ‘ಸಮುದಾಯದ ಪರಿಷ್ಕರಣ’ವೆಂಬ ಅರ್ಥದ ಹೆಸರಿನಿಂದ ದೋಷಗಳನ್ನು ಸರಿಪಡಿಸಿ, ಹೊಸ ಅನುಕೂಲಗಳನ್ನು ಸೇರಿಸಿ ಹಂಚಿದರು. 600 ಮೆಗಾಹರ್ಟ್ಸ್ ವೇಗದ ಸಂಸ್ಕಾರಕವನ್ನು ಇನ್ನಷ್ಟು ಚುರುಕಾಗಿ ಓಡಿಸುವ ವಿಧಾನವನ್ನು ಕಂಡುಕೊಂಡರು. 2012ರ ಕೊನೆಗೆ ಸಂಸ್ಥೆಯ ಧನಸಹಾಯ ನಿಂತಾಗ, ಮೇಮೋ ಬಳಗದ ಜಾಲತಾಣವನ್ನೂ ತಂತ್ರಾಂಶದ ಕಣಜವನ್ನೂ ನಡೆಸುವ ಭಾರವನ್ನು ಬಳಗದವರೇ ಹೊತ್ತರು. ಮುಂದೆ ‘ಮೇಮೋ ಲೆಸ್ಟೆ’ ಎಂಬ ಹೆಸರಿನಲ್ಲಿ ಅದೇ ಸಂಪ್ರದಾಯವನ್ನು ಹೊಸ ಲಿನಕ್ಸಿನ ಮೇಲೆ ಮತ್ತೆ ಕಟ್ಟುವ ಕೆಲಸ ನಡೆಯಿತು. 2017ರಲ್ಲಿ ಹುಟ್ಟಿದ ‘ಪೋಸ್ಟ್‌ಮಾರ್ಕೆಟ್ ಓಎಸ್’ ಎಂಬ ಇನ್ನೊಂದು ಯೋಜನೆ ಫೋನಿಗೆ ಹತ್ತು ವರ್ಷದ ಆಯುಷ್ಯ ಕೊಡುವುದೇ ತನ್ನ ಗುರಿಯೆಂದು ಹೇಳಿಕೊಂಡಿತು. ಅದರ ಪಟ್ಟಿಯಲ್ಲಿಯೂ ಎನ್ 900ಕ್ಕೆ ಸ್ಥಾನ ದೊರೆಯಿತು. ಇವರೆಲ್ಲ ಆಧುನಿಕ ಲಿಪಿಕಾರರು.

ದೇಹದ ಮುಪ್ಪಿಗೂ ಮದ್ದು ಸಿಕ್ಕಿತು. ಎನ್ 900ರ ಬೆನ್ನನ್ನು ಉಗುರಿನಿಂದಲೇ ತೆರೆದು ಬ್ಯಾಟರಿ ತೆಗೆಯಬಹುದು. ಅದು ‘ಬಿಎಲ್-5ಜೆ’ ಎಂಬ ಮಾದರಿ. ಅದೇ ಬ್ಯಾಟರಿಯನ್ನು ನೋಕಿಯಾ 5230, 5800, ಮುಂದೆ ಲೂಮಿಯಾ 520 ಮುಂತಾದ ಹೆಚ್ಚು ಮಾರಾಟವಾದ ಫೋನುಗಳಲ್ಲಿಯೂ ಬಳಸಿದ್ದರು. ಆದುದರಿಂದ ಅಪರೂಪದ ಫೋನಿಗೂ ಸಾಮಾನ್ಯ ಅಂಗಡಿಯಲ್ಲಿ ಬ್ಯಾಟರಿ ದೊರೆಯಿತು. ಅದರ ಕುಖ್ಯಾತ ದೌರ್ಬಲ್ಯವೆಂದರೆ ಚಾರ್ಜರು ಸಿಕ್ಕಿಸುವ ಬಾಯಿ. ಒಳಹಲಗೆಗೆ ಅದನ್ನು ಬಿಗಿದ ಬೆಸುಗೆ ಸಾಲದೆ ಹಲವರ ಫೋನಿನಲ್ಲಿ ಅದು ಕಿತ್ತುಬಂದಿತು. ಕೆಲವರು ಮತ್ತೆ ಬೆಸುಗೆ ಹಾಕಿದರು, ಕೆಲವರು ಮುಂಜಾಗ್ರತೆಯಾಗಿ ಅಂಟು ತುಂಬಿ ಭದ್ರಪಡಿಸಿದರು, ಕೆಲವರು ಬ್ಯಾಟರಿಯನ್ನೇ ಹೊರತೆಗೆದು ಬೇರೆಯಾಗಿ ಚಾರ್ಜು ಮಾಡಿಕೊಂಡರು. ಬಹುಕಾಲ ಒಂದೇ ಯಂತ್ರದೊಡನೆ ಬಾಳುವುದೆಂದರೆ ಇದೇ: ಅದರ ಗುಣದಷ್ಟೇ ದೋಷವನ್ನೂ ಅರಿತು, ಅನುಸರಿಸಿ ನಡೆಯುವುದು. ಹಳೆಯ ಎತ್ತಿನ ಯಾವ ಮಗ್ಗುಲು ತಟ್ಟಬಾರದೆಂದು ಅದನ್ನು ಹೂಡುವವನಿಗೆ ಗೊತ್ತಿರುತ್ತದೆ.

ಆದರೆ ಈ ಚರಿತ್ರೆಯನ್ನು ಪುರಾಣವಾಗಿಸಬಾರದು. ಎನ್ 900 ಪೂರ್ತಿ ತೆರೆದ ಫೋನೇನೂ ಆಗಿರಲಿಲ್ಲ. ಬ್ಯಾಟರಿಗೆ ಚಾರ್ಜು ತುಂಬುವ ಕ್ರಮವನ್ನು ನಿಯಂತ್ರಿಸುವ ತಂತ್ರಾಂಶವನ್ನು ತಯಾರಕರು ಮುಚ್ಚಿಟ್ಟಿದ್ದರು. ಚಿತ್ರಗಳನ್ನು ಚುರುಕಾಗಿ ಮೂಡಿಸುವ ಭಾಗವೂ ಮುಚ್ಚಿದ್ದಾಗಿತ್ತು. ಹೊಸ ವ್ಯವಸ್ಥೆ ಕಟ್ಟಹೊರಟವರು ತಲೆ ಗಟ್ಟಿಸಿಕೊಂಡುದು ಇಂಥ ಗೋಡೆಗಳಿಗೇ. ಚಾರ್ಜಿನ ಭಾಗವನ್ನು ಯಂತ್ರದ ನಡೆಯನ್ನು ನೋಡಿ ನೋಡಿ ಊಹಿಸಿ ಹೊಸದಾಗಿ ಬರೆದರು. ತೆರೆದ ಭಾಗ ಸರಾಗವಾಗಿ ಮುಂದಕ್ಕೆ ಸಾಗಿತು. ಮುಚ್ಚಿದ ಭಾಗ ಕಾಲಿಗೆ ಕಟ್ಟಿದ ಗುಂಡಾಯಿತು.

ಮೂರನೆಯ ಮುಪ್ಪಿಗೆ, ಎಂದರೆ ಲೋಕದ ಮುಪ್ಪಿಗೆ, ಬಳಗದ ಬಳಿಯೂ ಪೂರ್ಣವಾದ ಮದ್ದಿರಲಿಲ್ಲ. ಇಂದಿನ ಜಾಲತಾಣಗಳು ಕೇಳುವ ನೆನಪು 256 ಮೆಗಾಬೈಟಿನಲ್ಲಿ ಎಲ್ಲಿಂದ ಬರಬೇಕು? ಗುಟ್ಟು ಕಾಯುವ ಹೊಸ ಸಂಕೇತಗಳು ಹಳೆಯ ಜಾಲದರ್ಶಕಕ್ಕೆ ತಿಳಿಯವು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆ 2022ರಲ್ಲಿ ತನ್ನ 3ಜಿ ಜಾಲವನ್ನು ಮುಚ್ಚಿತು. ನಮ್ಮಲ್ಲಿ 2016ರಲ್ಲಿ ಆರಂಭವಾದ ಜಿಯೋ 4ಜಿ ಜಾಲವನ್ನಷ್ಟೇ ಕಟ್ಟಿತು. 4ಜಿ ಅರಿಯದ ಎನ್ 900ಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಊರಿನ ಬಾವಿ ಬತ್ತಿದ ಮೇಲೆ ಕೊಡ ಎಷ್ಟು ಗಟ್ಟಿಯಿದ್ದರೇನು? ಆದಕಾರಣ ಇಂದು ಅದನ್ನು ಇಟ್ಟುಕೊಂಡವರು ಹೆಚ್ಚಾಗಿ ಅಭ್ಯಾಸಕ್ಕೆ, ಪ್ರಯೋಗಕ್ಕೆ, ಹಾಡು ಕೇಳುವುದಕ್ಕೆ ಇಟ್ಟುಕೊಂಡವರು.

ದೂರದ ಫಿನ್‌ಲೆಂಡಿನ ಈ ಪ್ರಕರಣದಿಂದ ನಮಗೇನು ಎಂದು ಕೇಳಬಹುದು. ಫೋನಿನ ಒಳಮನೆಗೆ ಪ್ರವೇಶವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕನ್ನಡಿಗರು ತಮ್ಮ ಅಕ್ಷರದ ವಿಷಯದಲ್ಲಿಯೇ ಕಂಡಿದ್ದಾರೆ. ಆಂಡ್ರಾಯ್ಡ್ ಫೋನುಗಳು ನಮ್ಮ ಪಟ್ಟಣಗಳಿಗೆ ಬಂದ ಮೊದಲ ವರ್ಷಗಳಲ್ಲಿ ಕನ್ನಡದ ಪುಟ ತೆರೆದರೆ ಸಾಮಾನ್ಯವಾಗಿ ಕಾಣುತ್ತಿದ್ದುದು ಸಾಲು ಸಾಲು ಚೌಕಗಳು. ಮೂಲ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಆಧಾರ ಬಂದುದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಂಗಳ ಜೊತೆಗೆ. ಅದಕ್ಕೆ ಮೊದಲು ಓದಬಯಸಿದವರು ‘ಓಪೆರಾ ಮಿನಿ’ ಎಂಬ ಜಾಲದರ್ಶಕದ ಮರೆಯಲ್ಲಿದ್ದ ಒಂದು ಆಯ್ಕೆಯನ್ನು ಹುಡುಕಿ ತೆರೆದು, ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಂಡು ಓದಿದರು. ಬಲ್ಲವರು ಫೋನಿನ ಬೀಗ ತೆಗೆದು ಕನ್ನಡ ಅಕ್ಷರಗಳನ್ನು ತಾವೇ ಒಳಗಿಟ್ಟರು. ಒತ್ತಕ್ಷರ ಸರಿಯಾಗಿ ಕೂರಲಿ ಬಿಡಲಿ, ಚೌಕಕ್ಕಿಂತ ಅದು ಲೇಸಾಗಿತ್ತು. ತಯಾರಕನಿಗೆ ನಮ್ಮ ಭಾಷೆ ನೆನಪಾಗುವವರೆಗೂ ಕಾಯುವುದೊಂದು ದಾರಿ; ನಾವೇ ಹಾಕಿಕೊಳ್ಳುವುದು ಇನ್ನೊಂದು. ಎರಡನೆಯ ದಾರಿ ಇರಬೇಕಾದರೆ ಬಾಗಿಲು ತೆರೆಯುವಂತಿರಬೇಕು.

ಬಾಗಿಲು ತೆರೆದಿದ್ದರೆ ಹೆಸರು ಅಳಿದರೂ ಹುರುಳು ಉಳಿಯುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವೂ ಇದೆ. ಆಂಡ್ರಾಯ್ಡಿನ ತೆರೆದ ಮೂಲಪಾಠವನ್ನು ತಿದ್ದಿ 2009ರಲ್ಲಿ ಹವ್ಯಾಸಿಗಳು ಆರಂಭಿಸಿದ ‘ಸಯನೋಜೆನ್‌ಮಾಡ್’ ಎಂಬ ವ್ಯವಸ್ಥೆ ಹಳೆಯ ಫೋನುಗಳಿಗೆ ಹೊಸ ಪ್ರಾಣ ತುಂಬಿತು. ಮುಂದೆ ಅದೇ ಹೆಸರಿನಲ್ಲಿ ಕಂಪನಿ ಹುಟ್ಟಿತು. ಭಾರತದಲ್ಲಿ ಅದರ ಬಳಕೆಯ ಹಕ್ಕು ಮೈಕ್ರೋಮ್ಯಾಕ್ಸಿನದೋ ಒನ್‌ಪ್ಲಸ್‌ನದೋ ಎಂಬ ವಿವಾದ 2014ರ ಡಿಸೆಂಬರಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. 2016ರ ಡಿಸೆಂಬರಿನಲ್ಲಿ ಕಂಪನಿಯು ತನ್ನ ಸೇವೆಯನ್ನು ನಿಲ್ಲಿಸಿತು. ಮೂಲಪಾಠ ತೆರೆದೇ ಇದ್ದುದರಿಂದ ಕೆಲವೇ ದಿನಗಳಲ್ಲಿ ಬಳಗವು ಅದನ್ನು ‘ಲಿನಿಯೇಜ್ ಓಎಸ್’ ಎಂಬ ಹೊಸ ಹೆಸರಿನಿಂದ ಮುಂದುವರಿಸಿತು. ಲಿನಿಯೇಜ್ ಎಂದರೆ ವಂಶಪರಂಪರೆ, ಹೆಸರು ಅನ್ವರ್ಥವಾಗಿದೆ.

ಬೀಗ ಹಾಕುವವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಇಂದು ಫೋನು ನಮ್ಮ ಹಣದ ಪೆಟ್ಟಿಗೆಯೂ ಆಗಿದೆ. ಬಾಗಿಲು ಹಾರುಹೊಡೆದರೆ ಒಡೆಯನಷ್ಟೇ ಅಲ್ಲ, ಕಳ್ಳನೂ ಒಳಬರುತ್ತಾನೆ. ಅದಕ್ಕಾಗಿಯೇ ಬೀಗ ತೆರೆದ ಫೋನಿನಲ್ಲಿ ಅನೇಕ ಬ್ಯಾಂಕುಗಳ ಆ್ಯಪ್‌ಗಳು ನಡೆಯಲು ಒಪ್ಪುವುದಿಲ್ಲ. ಈ ಭಯ ನಿಜವಾದದ್ದೇ. ಆದರೆ ಮನೆಗೆ ಬೀಗವಿರುವುದು ಬೇರೆ, ಬೀಗದ ಕೈ ಮನೆ ಕಟ್ಟಿಸಿದ ಮೇಸ್ತ್ರಿಯ ಬಳಿ ಮಾತ್ರ ಇರುವುದು ಬೇರೆ. ಮೇಸ್ತ್ರಿ ಊರು ಬಿಟ್ಟು ಹೋದ ಮೇಲೆ ಮಳೆಗಾಲದಲ್ಲಿ ಸೋರುವ ಮಾಡನ್ನು ಯಾರು ಸರಿಪಡಿಸಬೇಕು? ಪರಿಷ್ಕರಣ ನಿಂತ ಹಳೆಯ ಫೋನು ಕಳ್ಳನಿಗೆ ಇನ್ನೂ ಸುಲಭದ ಮನೆ ಎಂಬುದನ್ನು ಮರೆಯಬಾರದು.

ಈ ವಿಚಾರ ಈಗ ಸರಕಾರಗಳ ಗಮನಕ್ಕೂ ಬಂದಿದೆ. ಹಾಲೆಂಡಿನ ‘ಫೇರ್‌ಫೋನ್’ ಸಂಸ್ಥೆ 2015ರಲ್ಲಿ ಮಾರಿದ ತನ್ನ ಎರಡನೆಯ ಫೋನಿಗೆ 2023ರವರೆಗೂ ಪರಿಷ್ಕರಣ ಕೊಟ್ಟು, ಮನಸ್ಸಿದ್ದರೆ ಇದು ಸಾಧ್ಯವೆಂದು ತೋರಿಸಿತು. ಐರೋಪ್ಯ ಒಕ್ಕೂಟದ ನಿಯಮವೊಂದು 2025ರ ಜೂನ್ 20ರಿಂದ ಜಾರಿಗೆ ಬಂದಿದೆ: ಒಂದು ಮಾದರಿಯ ಮಾರಾಟ ನಿಂತ ಬಳಿಕ ಕನಿಷ್ಠ 5 ವರ್ಷ ತಂತ್ರಾಂಶದ ಪರಿಷ್ಕರಣ, 7 ವರ್ಷ ಬಿಡಿಭಾಗ ದೊರೆಯುವಂತಿರಬೇಕು. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಹೆಸರಿನ ಜಾಲತಾಣವನ್ನು ತೆರೆದು, ತಯಾರಕರು ದುರಸ್ತಿಯ ವಿವರಗಳನ್ನು ಅಲ್ಲಿ ಕೊಡುವಂತೆ ಮಾಡಿತು.

ಹೀಗಿರಲಾಗಿ, ಹೊಸ ಫೋನು ಕೊಳ್ಳಲು ಅಂಗಡಿಗೆ ಹೋಗುವ ಗೃಹಸ್ಥರು ಕ್ಯಾಮೆರಾ ಎಷ್ಟು, ಬಣ್ಣ ಯಾವುದು ಎಂದು ಕೇಳುವುದರ ಜೊತೆಗೆ ನಾಲ್ಕು ಮಾತು ಹೆಚ್ಚು ಕೇಳುವುದೊಳ್ಳೆಯದು. ಎಷ್ಟು ವರ್ಷ ಪರಿಷ್ಕರಣ ಕೊಡುತ್ತೀರಿ? ಬ್ಯಾಟರಿ ಬದಲಿಸಲು ಎಷ್ಟು ಖರ್ಚು, ಎಲ್ಲಿ? ಬಿಡಿಭಾಗ ಸಿಗುತ್ತದೆಯೇ? ನೀವು ಕೈಬಿಟ್ಟ ದಿನ ಬೀಗದ ಕೈ ನನಗೆ ದೊರೆಯುತ್ತದೆಯೇ? ಮೊದಲ ಮೂರಕ್ಕೆ ಅಂಗಡಿಯವನು ಉತ್ತರ ಹೇಳಿಯಾನು. ನಾಲ್ಕನೆಯದಕ್ಕೆ ಅವನು ನಕ್ಕು ಸುಮ್ಮನಾಗಬಹುದು. ಆದರೂ ಕೇಳಿ ಬನ್ನಿ. ಕೇಳುವವರು ಹತ್ತು ಮಂದಿಯಾದರೆ ಅವನು ತನ್ನ ಮೇಲಿನವರನ್ನು ಕೇಳಬೇಕಾದೀತು.